ನಡುಪೇಟೆಗೆ ಒಂದು ಕಲ್ಪನೆಯ ಕಟ್ಟಡ: ಮೂಲೆ ಸೈಟಿನಿಂದ ಶುರು ಮಾಡೋಣ

ನಾನು ಬರೆದ ಮೊದಲ ಕಲ್ಪನೆಯ ಕಟ್ಟಡಕ್ಕೆ 40 ಮಹಡಿ ಇತ್ತು. ಪೂರ್ತಿ ಗಾಜು, ತುದಿಯಲ್ಲಿ ಸ್ವಲ್ಪ ತಿರುಚಿದ ಆಕಾರ. ಎರಡು ವಾರ ಕೂತು ಮಾಡಿದ್ದೆ. ಕಟ್ಟಡ ನಿರ್ವಹಣೆಯ ಕೆಲಸದಲ್ಲಿದ್ದ ಗೆಳೆಯನೊಬ್ಬನಿಗೆ ಹೆಮ್ಮೆಯಿಂದ ತೋರಿಸಿದೆ. ಅವನು ಒಂದೇ ಪ್ರಶ್ನೆ ಕೇಳಿದ: "ಕಸ ಎಲ್ಲಿಂದ ಹೊರಗೆ ಹೋಗುತ್ತೆ?" ನನ್ನ ಕಟ್ಟಡಕ್ಕೆ ಹಿಂಬಾಗಿಲೇ ಇರಲಿಲ್ಲ. ಇನ್ನೊಂದು ಸಲ ನೋಡಿದರೆ ಮೆಟ್ಟಿಲೂ ಇರಲಿಲ್ಲ.

ಅಲ್ಲಿಂದ ಈಚೆಗೆ ಹೊರಮೈಯನ್ನು ಕೊನೆಗೆ ಬಿಟ್ಟು, ಹಿಂಬಾಗಿಲಿನಿಂದ ಶುರು ಮಾಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಈ ಲೇಖನದ ದಾರಿಯೂ ಅದೇ. ನೀವು ಆರ್ಕಿಟೆಕ್ಟ್ ಆಗಿರಬೇಕಿಲ್ಲ. ನಗರದ ಹಳೇ ಪೇಟೆಯಲ್ಲಿ ನಡೆಯುವಾಗ "ಈ ಮೂಲೆಯಲ್ಲಿ ಹೀಗೊಂದು ಕಟ್ಟಡ ಇದ್ದಿದ್ದರೆ" ಅಂತ ಅನ್ನಿಸಿದ್ದರೆ ಸಾಕು.

ಕಟ್ಟದ ಕಟ್ಟಡದಿಂದ ಏನು ಪ್ರಯೋಜನ ಅಂತ ಯಾರಾದರೂ ಕೇಳಿದರೆ ಷಿಕಾಗೋದ ಕತೆ ಹೇಳಿ. 1922ರಲ್ಲಿ ಅಲ್ಲಿನ ಟ್ರಿಬ್ಯೂನ್ ಪತ್ರಿಕೆ ತನ್ನ ಕಚೇರಿಗೆ ವಿನ್ಯಾಸ ಸ್ಪರ್ಧೆ ಇಟ್ಟಿತ್ತು. 260ಕ್ಕೂ ಜಾಸ್ತಿ ವಿನ್ಯಾಸಗಳು ಬಂದವು. ಎರಡನೇ ಬಹುಮಾನ ಪಡೆದ ಫಿನ್ಲೆಂಡಿನ ಆರ್ಕಿಟೆಕ್ಟ್ ಎಲಿಯೆಲ್ ಸಾರಿನೆನ್ ಅವರ ಕಟ್ಟಡವನ್ನು ಯಾರೂ ಕಟ್ಟಲಿಲ್ಲ. ಆದರೆ ಮುಂದಿನ ದಶಕದ ಎಷ್ಟೋ ಎತ್ತರದ ಕಟ್ಟಡಗಳು ಗೆದ್ದ ವಿನ್ಯಾಸಕ್ಕಿಂತ ಜಾಸ್ತಿ ಆ ಕಾಗದದ ಗೋಪುರವನ್ನೇ ಹೋಲುತ್ತಿದ್ದವು.

ಮೊದಲು ಸೈಟು, ಆಮೇಲೆ ಕನಸು

ಖಾಲಿ ಬಿಳಿ ಪರದೆಯ ಮೇಲೆ ಕಟ್ಟಡ ಬರೆಯಬೇಡಿ. ನಿಜವಾಗಿ ಇರುವ ಒಂದು ಸೈಟು ಹಿಡಿಯಿರಿ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಉಚಿತ ಆನ್‌ಲೈನ್ ನಕ್ಷೆಯಲ್ಲಿ ರಸ್ತೆ, ಕಟ್ಟಡಗಳ ಅಂಚು ಸಿಗುತ್ತವೆ. ಆದರೆ ನಕ್ಷೆಯನ್ನೇ ನಂಬಿ ಕೂರಬೇಡಿ. ಹೋಗಿ ಹೆಜ್ಜೆ ಹಾಕಿ ಅಳೆಯಿರಿ. ನಿಮ್ಮ ಹತ್ತು ಹೆಜ್ಜೆ ಎಷ್ಟು ಮೀಟರ್ ಅಂತ ಮನೆಯಲ್ಲೇ ಟೇಪ್ ಹಿಡಿದು ನೋಡಿಕೊಂಡರೆ ಬೀದಿಯಲ್ಲಿ ಟೇಪ್ ಬಿಚ್ಚುವ ಮುಜುಗರ ಇಲ್ಲ.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಹೋಗಿ. ಬಿಸಿಲು ಯಾವ ಕಡೆಯಿಂದ ಬರುತ್ತದೆ, ಜನ ಯಾವ ಫುಟ್‌ಪಾತ್ ಹಿಡಿಯುತ್ತಾರೆ, ಸರಕಿನ ಗಾಡಿ ಎಲ್ಲಿ ನಿಲ್ಲುತ್ತದೆ, ಯಾವ ಮರದ ಕೆಳಗೆ ಜನ ಸುಮ್ನೆ ನಿಂತಿರುತ್ತಾರೆ, ಇದನ್ನೆಲ್ಲ ಬರೆದುಕೊಳ್ಳಿ. ಮೊಬೈಲಿನಲ್ಲಿ ನೇರವಾಗಿ ಎದುರಿನಿಂದ ಫೋಟೋ ತೆಗೆಯಿರಿ. ಮುಂದೆ ಬೇಕಾಗುತ್ತದೆ.

ಉದಾಹರಣೆಗೆ ಒಂದು ಸೈಟನ್ನು ನಾವೇ ಮಾಡಿಕೊಳ್ಳೋಣ. ಮೂಲೆ ಸೈಟು. ಮುಖ್ಯರಸ್ತೆಗೆ 30 ಮೀಟರ್ ಅಗಲ, ಅಡ್ಡರಸ್ತೆಯ ಉದ್ದಕ್ಕೆ 40 ಮೀಟರ್ ಆಳ. ಒಟ್ಟು 1,200 ಚದರ ಮೀಟರ್. ಉಳಿದ ಎರಡು ಬದಿಗೆ ಅಕ್ಕಪಕ್ಕದವರ ಗೋಡೆ. ಮೂಲೆಯಲ್ಲಿ 15 ಮೀಟರ್ ಅಗಲ, 20 ಮೀಟರ್ ಆಳದ ಒಂದು ಹಳೇ ಇಟ್ಟಿಗೆ ಕಟ್ಟಡ, ಮೂರು ಮಹಡಿ. ಉಳಿದದ್ದು ಖಾಲಿ, ಈಗ ಗಾಡಿ ನಿಲ್ಲಿಸುವ ಜಾಗ. ನಡುಪೇಟೆಗಳಲ್ಲಿ ಇಂಥ ಸೈಟು ಹುಡುಕುವುದು ಕಷ್ಟವಲ್ಲ.

ಇದನ್ನು 1:200 ಅಳತೆಯಲ್ಲಿ ಬರೆದರೆ 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದ. ಒಂದು ಎ4 ಹಾಳೆಯಲ್ಲಿ ಕೂರುತ್ತದೆ. ಈ ಅಳತೆಯಲ್ಲಿ ಮನುಷ್ಯನೊಬ್ಬ 8 ಮಿಲಿಮೀಟರ್‌ಗಿಂತ ಸ್ವಲ್ಪ ಎತ್ತರ. ಹಾಳೆಯ ಅಂಚಿನಲ್ಲಿ ಅವನನ್ನು ಮೊದಲೇ ಬರೆದಿಡಿ. ಕಟ್ಟಡ ದೊಡ್ಡದಾಗುತ್ತಾ ಹೋದಾಗ ಅವನೇ ನಿಮಗೆ ಕಡಿವಾಣ.

ಎಷ್ಟು ಕಟ್ಟಬಹುದು ಅನ್ನುವ ಲೆಕ್ಕ

ಎಫ್‌ಎಆರ್ ಅಂದರೆ ಎಲ್ಲ ಮಹಡಿ ಸೇರಿ ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ. ಪ್ರತಿ ನಗರಕ್ಕೂ ಬೇರೆ ಬೇರೆ. ನಿಮ್ಮ ನಗರದ ನಿಯಮ ನೋಡಿಕೊಳ್ಳಿ. ಇಲ್ಲಿ 6 ಅಂತ ಇಟ್ಟುಕೊಳ್ಳೋಣ. 1,200 ಗುಣಿಸು 6, ಅಂದರೆ 7,200 ಚದರ ಮೀಟರ್.

ಕಲ್ಪನೆಯ ಕಟ್ಟಡಕ್ಕೆ ನಿಯಮ ಯಾಕೆ ಅಂತೀರಾ? ನಿಯಮವೇ ಆಕಾರ ಕೊಡುತ್ತದೆ. ನ್ಯೂಯಾರ್ಕ್‌ನಲ್ಲಿ 1915ರಲ್ಲಿ ಎಕ್ವಿಟೆಬಲ್ ಬಿಲ್ಡಿಂಗ್ ಎದ್ದಿತು. 38 ಮಹಡಿ, ಎಲ್ಲೂ ಒಳಗೆ ಸರಿಯದೆ ನೆಟ್ಟಗೆ ಮೇಲಕ್ಕೆ. ಅಕ್ಕಪಕ್ಕದ ಬೀದಿಗಳಿಗೆ ಬಿಸಿಲೇ ಇಲ್ಲದಂತಾಯಿತು. ಮಾರನೇ ವರ್ಷ, 1916ರಲ್ಲಿ, ಮೇಲೆ ಹೋದಂತೆ ಕಟ್ಟಡ ಹಿಂದೆ ಸರಿಯಬೇಕು ಅನ್ನುವ ನಿಯಮ ಬಂತು. ಆ ನಗರದ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುವ ಗೋಪುರಗಳೆಲ್ಲ ಆ ನಿಯಮದ ಮಕ್ಕಳು. 1922ರಲ್ಲಿ ಹ್ಯೂ ಫೆರಿಸ್ ಅನ್ನುವ ಚಿತ್ರಕಾರರು ಮಾಡಿದ್ದೂ ಇದನ್ನೇ. ನಿಯಮ ಬಿಟ್ಟುಕೊಡುವ ಅತಿ ದೊಡ್ಡ ಗಾತ್ರವನ್ನು ಮೊದಲು ಇದ್ದಿಲಿನಲ್ಲಿ ಬರೆದು, ಅದನ್ನು ಹಂತ ಹಂತವಾಗಿ ಕಡಿದು ಕಟ್ಟಡ ತೆಗೆದರು. ನೀವೂ ಅದನ್ನೇ ಮಾಡಿ. ಮೊದಲು ಅತಿ ದೊಡ್ಡ ಪೆಟ್ಟಿಗೆ, ಆಮೇಲೆ ಕತ್ತರಿ.

ನಮ್ಮ ಸೈಟಿನಲ್ಲಿ ಹಳೇ ಕಟ್ಟಡ ಉಳಿಸುವುದು ಅಂತ ನನ್ನ ತೀರ್ಮಾನ. ಅದರದ್ದು ಮೂರು ಮಹಡಿ ಸೇರಿ 900 ಚದರ ಮೀಟರ್. ಉಳಿದದ್ದು 6,300. ಹೊಸ ನೆಲಮಹಡಿ ಖಾಲಿ ಜಾಗ ಪೂರ್ತಿ ತುಂಬಿದರೆ 900. ಹಳೇ ಕಟ್ಟಡದ ಹಿಂಗೋಡೆಯಿಂದ 2 ಮೀಟರ್ ಬಿಟ್ಟು, ಹಿಂದೆ 30 ಮೀಟರ್ ಉದ್ದ, 18 ಮೀಟರ್ ಆಳದ ಗೋಪುರ ನಿಲ್ಲಿಸಬಹುದು. ಒಂದು ಮಹಡಿಗೆ 540. ಹತ್ತು ಮಹಡಿ ಹಾಕಿದರೆ 5,400. ಲೆಕ್ಕ ಸರಿಯಾಯಿತು.

ಆದರೆ ಮುಖ್ಯರಸ್ತೆಯಿಂದ ನೋಡಿ. ಮೂಲೆಯಲ್ಲಿ ಮೂರು ಮಹಡಿ, ಅದರ ಪಕ್ಕದ 15 ಮೀಟರ್ ಬರೀ ಒಂದು ಮಹಡಿ. ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತದೆ. ಅದಕ್ಕೆ ಗೋಪುರದ ಒಂದು ಮಹಡಿ ತೆಗೆದುಬಿಡಿ. ಆ 540 ಚದರ ಮೀಟರನ್ನು ಎರಡು ಭಾಗ ಮಾಡಿ, 15 ಗುಣಿಸು 18ರ ಎರಡು ಮಹಡಿಯಾಗಿ ಮುಂದಿನ ಭಾಗದ ಮೇಲೆ ಇಡಿ. ಈಗ ರಸ್ತೆಗೆ ಮೂರು ಮಹಡಿಯ ನೇರ ಸಾಲು. ಹಿಂದೆ ಹತ್ತು ಮಹಡಿಯ ಗೋಪುರ, ನೆಲಮಹಡಿ ಸೇರಿ. ಒಟ್ಟು ಅದೇ 7,200.

ಈ ತರಹದ ಅದಲುಬದಲು ಮಾಡುವಾಗಲೇ ನನಗೆ ಅತಿ ಖುಷಿ. ಥರ್ಮಾಕೋಲ್ ತುಂಡುಗಳಲ್ಲಿ 1:500ಕ್ಕೆ ಕತ್ತರಿಸಿಕೊಂಡು ಮೇಜಿನ ಮೇಲೆ ಆಡಿಸಿದರೆ ಕಂಪ್ಯೂಟರ್‌ಗಿಂತ ಬೇಗ ಗೊತ್ತಾಗುತ್ತದೆ.

ಹಳೇ ಕಟ್ಟಡವನ್ನು ಓದುವುದು

ನವೀಕರಣ ಅಂದ ತಕ್ಷಣ ಬಣ್ಣ, ಗಾಜು ಅಂತ ಹೊರಡಬೇಡಿ. ಗೋಡೆಯೇ ಭಾರ ಹೊತ್ತಿದೆಯೋ, ಒಳಗೆ ಕಂಬ-ತೊಲೆಗಳ ಚೌಕಟ್ಟು ಇದೆಯೋ, ಮೊದಲು ಅದನ್ನು ನೋಡಿ. ಬಾಗಿಲ ಹತ್ತಿರ ಗೋಡೆಯ ದಪ್ಪ ನೋಡಿದರೆ ಸುಳಿವು ಸಿಗುತ್ತದೆ. ಕಿಟಕಿಗಳು ಒಂದರ ಮೇಲೊಂದು ನೇರವಾಗಿ, ಚಿಕ್ಕದಾಗಿ ಇದ್ದರೆ ಗೋಡೆಯೇ ಭಾರ ಹೊತ್ತಿರುವ ಸಾಧ್ಯತೆ ಜಾಸ್ತಿ. ಷಿಕಾಗೋದಲ್ಲಿ 1891ರಲ್ಲಿ ಮುಗಿದ ಮೊನಾಡ್ನಾಕ್ ಕಟ್ಟಡದ ಉತ್ತರ ಭಾಗ ಇಟ್ಟಿಗೆ ಗೋಡೆಯ ಮೇಲೇ ನಿಂತಿದೆ. ಬುಡದಲ್ಲಿ ಆ ಗೋಡೆ 1.8 ಮೀಟರ್ ದಪ್ಪ! ಮಳಿಗೆಗೆ ಸಿಗಬೇಕಾದ ಜಾಗವನ್ನು ಗೋಡೆಯೇ ತಿಂದುಹಾಕಿದೆ. ಉಕ್ಕಿನ ಚೌಕಟ್ಟು ಗೆದ್ದದ್ದು ಸುಮ್ನೆ ಅಲ್ಲ.

ಭಾರ ಹೊತ್ತ ಗೋಡೆಯಲ್ಲಿ ನೆಲಮಹಡಿಗೆ ಅಗಲವಾದ ಶೋಕೇಸ್ ಬೇಕೆಂದರೆ ಮೇಲಿನ ಗೋಡೆಯ ಭಾರ ಹೊರಲು ಅಲ್ಲೊಂದು ದಪ್ಪ ಉಕ್ಕಿನ ತೊಲೆ ಕಾಣಲೇಬೇಕು. ನಿಮ್ಮ ಚಿತ್ರದಲ್ಲಿ ಅದು ಇಲ್ಲದಿದ್ದರೆ ಗೊತ್ತಿದ್ದವರಿಗೆ ಕಟ್ಟಡ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತದೆ.

ಹಳೇದರ ಜೊತೆ ಹೊಸದನ್ನು ಸೇರಿಸುವಾಗ ಎಲ್ಲರೂ ಎಡವುವ ಜಾಗ ಮಹಡಿಯ ಮಟ್ಟ. ನಮ್ಮ ಹಳೇ ಕಟ್ಟಡದ ಪ್ರತಿ ಮಹಡಿ 4.5 ಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ಹೊಸ ನೆಲಮಹಡಿಗೆ ನೀವು ಉದಾರವಾಗಿ 5 ಮೀಟರ್ ಕೊಟ್ಟಿರಿ, ಮೇಲಿನವಕ್ಕೆ 4. ಮೊದಲ ಮಹಡಿಯಲ್ಲಿ ಹಳೇದರ ನೆಲ 4.5ಕ್ಕೆ, ಹೊಸದರ ನೆಲ 5ಕ್ಕೆ. ನಡುವೆ ಅರ್ಧ ಮೀಟರ್ ವ್ಯತ್ಯಾಸ. ಗಾಲಿಕುರ್ಚಿ ಹೋಗುವ ಇಳಿಜಾರು 1:12 ಇರಬೇಕು, ಅಂದರೆ ಅರ್ಧ ಮೀಟರ್ ಹತ್ತಲು 6 ಮೀಟರ್ ಉದ್ದ ಬೇಕು. ನಮ್ಮ ನಡುವಿನ ಸಂದು ಇರುವುದೇ 2 ಮೀಟರ್! ಹೊಸ ನೆಲಮಹಡಿಯನ್ನು 4.5, ಮೊದಲ ಮಹಡಿಯನ್ನೂ 4.5 ಮಾಡಿ. ಎರಡನೇ ಮಹಡಿಯ ನೆಲ ಎರಡೂ ಕಡೆ 9 ಮೀಟರ್‌ಗೇ ಬರುತ್ತದೆ. ಸಮಸ್ಯೆ ಕಾಗದದ ಮೇಲೇ ಮುಗಿಯಿತು. ಮೇಲಿನ ಎಂಟು ಮಹಡಿಗೆ 4 ಮೀಟರ್‌ನಂತೆ ಸೇರಿಸಿದರೆ ಗೋಪುರದ ಎತ್ತರ 41 ಮೀಟರ್.

ಹಳೇದನ್ನು ನಕಲು ಮಾಡಿ ಹೊಸದನ್ನು ಕಟ್ಟುವುದು ನನಗೆ ಹಿಡಿಸುವುದಿಲ್ಲ. ಎರಡೂ ತಮ್ಮ ತಮ್ಮ ಕಾಲದ ಹಾಗೆ ಇರಲಿ, ಆದರೆ ತಾರಸಿಯ ಅಂಚು, ಕಿಟಕಿಗಳ ಅಂತರ ಒಂದಕ್ಕೊಂದು ಮಾತಾಡಲಿ. ನ್ಯೂಯಾರ್ಕ್‌ನ ಹರ್ಸ್ಟ್ ಟವರ್ ನೋಡಿ. 1928ರ ಆರು ಮಹಡಿಯ ಕಲ್ಲಿನ ಕಟ್ಟಡವನ್ನು ಮುಂದೊಂದು ದಿನ ಗೋಪುರ ಬರಲಿ ಅಂತಲೇ ಕಟ್ಟಿದ್ದರು. ಗೋಪುರ ಬಂದದ್ದು 2006ರಲ್ಲಿ, ನಾರ್ಮನ್ ಫಾಸ್ಟರ್ ಅವರ ಸಂಸ್ಥೆಯ ವಿನ್ಯಾಸದಲ್ಲಿ. ಹಳೇ ಕಟ್ಟಡದ ಹೊರಗೋಡೆ ಉಳಿಸಿ, ಒಳಗನ್ನು ಬರಿದು ಮಾಡಿ, ಅದರೊಳಗಿಂದ ಉಕ್ಕಿನ ತ್ರಿಕೋನಗಳ ಗೋಪುರ ಎಬ್ಬಿಸಿದರು. ಹೊಸದು ಹಳೇದರ ವೇಷ ಹಾಕಿಲ್ಲ.

ಬೇಸ್‌ಮೆಂಟ್ ಪಾರ್ಕಿಂಗ್? ಈ ಸೈಟಿಗೆ ನಾನು ಬೇಡ ಅನ್ನುತ್ತೇನೆ. 3 ಮೀಟರ್ ಇಳಿಯಲು 1:8 ಇಳಿಜಾರಿನ ದಾರಿ ಮಾಡಿದರೆ ಅದೇ 24 ಮೀಟರ್ ನುಂಗುತ್ತದೆ. ಜೊತೆಗೆ ಹಳೇ ಇಟ್ಟಿಗೆ ಕಟ್ಟಡದ ಪಾಯದ ಪಕ್ಕದಲ್ಲೇ ಆಳವಾಗಿ ಅಗೆಯುವುದು ಬಲು ಜೋಖಿಮಿನ ಕೆಲಸ.

ಹಿಂಬಾಗಿಲು, ಮೆಟ್ಟಿಲು, ಲಿಫ್ಟ್

ಈಗ ಆ ಕಸದ ಪ್ರಶ್ನೆಗೆ ಬರೋಣ. ಗೋಪುರದ 18 ಮೀಟರ್ ಬದಿ ಅಡ್ಡರಸ್ತೆಗೆ ಮುಖ ಮಾಡಿದೆ. ಅದರ ಹಿಂದಿನ ತುದಿಯಲ್ಲಿ 4 ಮೀಟರ್ ಅಗಲದ ಒಂದು ಗೇಟು. ಸರಕು ಒಳಗೆ ಬರುವುದು, ಕಸ ಹೊರಗೆ ಹೋಗುವುದು ಇಲ್ಲಿಂದಲೇ. ಅದರ ಒಳಗೇ ಕಸದ ಕೋಣೆ, ಕರೆಂಟಿನ ಕೋಣೆ, ನೀರಿನ ಸಂಪು, ಪಂಪು. 4.5 ಮೀಟರ್ ಮಹಡಿಯಲ್ಲಿ ತೊಲೆಯ ಎತ್ತರ ಕಳೆದರೆ ಹತ್ತಿರ ಹತ್ತಿರ 3.9 ಮೀಟರ್ ಉಳಿಯುತ್ತದೆ. ಸಣ್ಣ ಲಾರಿಗೆ ಸಾಕು. ಈ ಗೇಟನ್ನು ಮುಖ್ಯರಸ್ತೆಗೆ ಇಟ್ಟರೆ ನಿಮ್ಮ ಕಟ್ಟಡ ದಿನಾ ಫುಟ್‌ಪಾತಿನವರ ಶಾಪ ತಿನ್ನುತ್ತದೆ.

ಮೆಟ್ಟಿಲಿನ ಲೆಕ್ಕ ಒಮ್ಮೆ ಕೈಯಾರೆ ಮಾಡಿ. 4 ಮೀಟರ್ ಹತ್ತಲು 16 ಸೆಂಟಿಮೀಟರ್ ಎತ್ತರದ 25 ಮೆಟ್ಟಿಲು. ಎರಡು ಸಾಲು ಮಾಡಿದರೆ ಉದ್ದದ ಸಾಲಿಗೆ 30 ಸೆಂಟಿಮೀಟರ್‌ನ 12 ಹೆಜ್ಜೆ, ಅಂದರೆ 3.6 ಮೀಟರ್. ಎರಡು ತುದಿಗೂ ಒಂದೂವರೆ ಮೀಟರ್ ನಿಲ್ಲುವ ಜಾಗ. ಒಟ್ಟು 6.6 ಮೀಟರ್ ಉದ್ದ, ಸುಮಾರು 3 ಮೀಟರ್ ಅಗಲ. ಇಂಥವು ಎರಡು ಬೇಕು, ಒಂದಕ್ಕೊಂದು ದೂರ. ಬೆಂಕಿ ಬಿದ್ದಾಗ ಒಂದು ದಾರಿ ಹೊಗೆ ತುಂಬಿದರೆ ಇನ್ನೊಂದು ಇರಬೇಕಲ್ಲ. ಕಲ್ಪನೆಯ ಕಟ್ಟಡಗಳಲ್ಲಿ ಅತಿ ಹೆಚ್ಚು ಮರೆತುಹೋಗುವುದು ಈ ಎರಡನೇ ಮೆಟ್ಟಿಲೇ.

ಲಿಫ್ಟ್ ಇಲ್ಲದ ಕಾಲದಲ್ಲಿ ಜನ ಹತ್ತುವಷ್ಟೇ ಕಟ್ಟಡದ ಎತ್ತರ. 1857ರಲ್ಲಿ ನ್ಯೂಯಾರ್ಕ್‌ನ ಹಾವೌಟ್ ಅನ್ನುವ ಐದು ಮಹಡಿಯ ಅಂಗಡಿಗೆ ಲಿಫ್ಟ್ ತಯಾರಕ ಓಟಿಸ್ ಅವರ ಪ್ರಯಾಣಿಕರ ಲಿಫ್ಟ್ ಬಂತು. ಆಮೇಲೆ ಮೇಲಿನ ಮಹಡಿಯ ಬೆಲೆ ಏರುತ್ತಾ ಹೋಯಿತು. ನಮ್ಮ ಗೋಪುರಕ್ಕೆ ಜನರಿಗೆ ಎರಡು, ಸರಕಿಗೆ ಒಂದು, ಒಟ್ಟು ಮೂರು ಲಿಫ್ಟ್ ಇಡೋಣ. ಒಂದೊಂದಕ್ಕೆ ಎರಡೂವರೆ ಮೀಟರ್ ಚೌಕ ಬಿಡಿ.

ಇವೆಲ್ಲವನ್ನೂ ಎಲ್ಲಿ ಇಡುವುದು? ಬೆಳಕನ್ನು ಕೇಳಿ. ಕಿಟಕಿಯ ಮೇಲಂಚು ಎಷ್ಟು ಎತ್ತರವೋ ಅದರ ಎರಡರಿಂದ ಎರಡೂವರೆ ಪಟ್ಟು ಆಳದವರೆಗೆ ಹಗಲು ಬೆಳಕು ಚೆನ್ನಾಗಿ ಬರುತ್ತದೆ. ಮೇಲಂಚು 2.8 ಮೀಟರ್ ಇದ್ದರೆ 7 ಮೀಟರ್‌ವರೆಗೆ. ನಮ್ಮ ಗೋಪುರದ ಹಿಂಗೋಡೆ ಪಕ್ಕದವರ ಗಡಿಯಲ್ಲಿದೆ. ಅಲ್ಲಿ ಕಿಟಕಿ ಇಡಬಾರದು, ನಾಳೆ ಅವರೂ ಎತ್ತರಿಸಿದರೆ ಕಿಟಕಿಗೆ ಇಟ್ಟಿಗೆಯ ದರ್ಶನ. ಹಾಗಾಗಿ ಮೆಟ್ಟಿಲು, ಲಿಫ್ಟ್, ಶೌಚಾಲಯ, ಪೈಪುಗಳ ಡಕ್ಟ್ ಎಲ್ಲ ಆ ಹಿಂಗೋಡೆಗೆ ಅಂಟಲಿ. ಎರಡು ತುದಿಗೆ ಮೆಟ್ಟಿಲು, ಅಡ್ಡರಸ್ತೆ ಕಡೆಯದು ಗೇಟಿನ ದಾರಿ ಬಿಟ್ಟು ಸ್ವಲ್ಪ ಒಳಗೆ, ನಡುವೆ ಲಿಫ್ಟ್. ಮುಂದಿನ 7 ಮೀಟರ್ ಕೂತು ಕೆಲಸ ಮಾಡುವವರಿಗೆ. ನಡುವೆ ಉಳಿದ ನಾಲ್ಕೂ ಚಿಲ್ಲರೆ ಮೀಟರಿನಲ್ಲಿ ಓಡಾಡುವ ದಾರಿ, ಮೀಟಿಂಗ್ ಕೋಣೆ.

ಒಂದು ಕೊರತೆ ಒಪ್ಪಿಕೊಳ್ಳಬೇಕು. ಗೋಪುರದ ಮೊದಲ ಎರಡು ಮಹಡಿಗಳ ಮುಂದೆ 2ರಿಂದ 4 ಮೀಟರ್ ದೂರದಲ್ಲೇ ಬೇರೆ ಗೋಡೆ ಇದೆ. ಆ ಸಂದಿಗೆ ಗಾಜಿನ ಸೂರು ಹಾಕಿದರೂ ಬೆಳಕು ಸಾಧಾರಣ. ಅಲ್ಲಿ ಕಡತ, ಸರ್ವರ್, ತರಬೇತಿ ಕೋಣೆ ಇಟ್ಟುಬಿಡಿ. ನೆಲಮಹಡಿಯಲ್ಲಿ ಮಾತ್ರ ಅದೇ ಸಂದು ಚಂದದ ಒಳದಾರಿ ಆಗುತ್ತದೆ. ಒಂದು ಪಕ್ಕ ಹಳೇ ಇಟ್ಟಿಗೆ, ಇನ್ನೊಂದು ಪಕ್ಕ ಹೊಸ ಮಳಿಗೆ, ಮೇಲಿನಿಂದ ಬೀಳುವ ಬೆಳಕು. ನನ್ನ ಕಣ್ಣಿಗೆ ಇಡೀ ಕಟ್ಟಡದಲ್ಲಿ ನೆನಪಿನಲ್ಲಿ ಉಳಿಯುವ ಜಾಗ ಅದೇ.

ಫುಟ್‌ಪಾತಿನ ಮಟ್ಟ

ನಡುಪೇಟೆಯಲ್ಲಿ ಕಟ್ಟಡವನ್ನು ಹೆಚ್ಚಿನವರು ನೋಡುವುದು ಕೆಳಗಿನ ಐದು ಮೀಟರ್ ಮಾತ್ರ. ಗಂಟೆಗೆ 5 ಕಿಲೋಮೀಟರ್ ನಡಿಗೆ ಅಂದರೆ ಸೆಕೆಂಡಿಗೆ 1.4 ಮೀಟರ್. 6 ಮೀಟರ್ ಅಗಲದ ಮಳಿಗೆ ನಾಲ್ಕು ಸೆಕೆಂಡಿನಲ್ಲಿ ದಾಟುತ್ತದೆ, ಇನ್ನೊಂದು ಬರುತ್ತದೆ. 18 ಮೀಟರ್ ಬರೀ ಗೋಡೆ ಇಟ್ಟರೆ ಹದಿಮೂರು ಸೆಕೆಂಡು ಏನೂ ಇಲ್ಲ. ನಿಂತು ಎಣಿಸಿ ನೋಡಿ, ತುಂಬಾ ಹೊತ್ತು ಅನ್ನಿಸುತ್ತದೆ.

ಅದಕ್ಕೇ ಚಿಕ್ಕ ಮಳಿಗೆಗಳು, ಜಾಸ್ತಿ ಬಾಗಿಲು. ಕಚೇರಿಗೆ ಹೋಗುವ ದೊಡ್ಡ ಲಾಬಿಗೆ ರಸ್ತೆಯ ಕಡೆ 5 ಮೀಟರ್‌ಗಿಂತ ಹೆಚ್ಚು ಕೊಡಬೇಡಿ. ಮಳೆ, ಬಿಸಿಲಿಗೆ ಸಜ್ಜಾ ಇರಲಿ. ಬೋರ್ಡುಗಳಿಗೆ ಒಂದು ಪಟ್ಟಿ ಮೊದಲೇ ಬಿಡಿ, ಇಲ್ಲದಿದ್ದರೆ ನಿಮ್ಮ ಚಂದದ ಗೋಡೆಯ ಮೇಲೆ ಎಲ್ಲೆಂದರಲ್ಲಿ ಬೋರ್ಡು ಬೀಳುತ್ತದೆ. ಎಸಿಯ ಹೊರಪೆಟ್ಟಿಗೆಗಳಿಗೂ ಜಾಗ ತೋರಿಸಿ. ಚಿತ್ರದಲ್ಲಿ ಅದು ಇಲ್ಲದಿದ್ದರೆ ಕಟ್ಟಡ ನಿಜ ಅನ್ನಿಸುವುದೇ ಇಲ್ಲ.

ಹೊರಮೈ ಕೊನೆಗೆ

ಈಗ ಬರೆಯಿರಿ. ಹಳೇ ಕಟ್ಟಡದ ಮುಖದಲ್ಲಿ 3 ಮೀಟರ್‌ಗೊಂದು ಕಿಟಕಿ ಇದ್ದರೆ ಹೊಸದರಲ್ಲೂ 3 ಮೀಟರ್‌ನ ತಾಳ ಹಿಡಿಯಿರಿ. ವಸ್ತು ಬೇರೆ ಇರಲಿ. ಬಿಸಿಲು ಜೋರಾಗಿ ಬೀಳುವ ಕಡೆ ಆಳವಾದ ಕಿಟಕಿ, ಅಡ್ಡ ಪಟ್ಟಿ. ಪೂರ್ತಿ ಗಾಜು, ಅದರಲ್ಲೂ ಒಳಗೆ ಬಾಗಿದ ಗಾಜು ಅಂದರೆ ಎಚ್ಚರ. ಲಂಡನ್ನಿನ 20 ಫೆನ್‌ಚರ್ಚ್ ಸ್ಟ್ರೀಟ್ ಕಟ್ಟಡದ ಬಾಗಿದ ಮುಖ 2013ರಲ್ಲಿ ಬಿಸಿಲನ್ನು ಭೂತಗನ್ನಡಿಯ ಹಾಗೆ ರಸ್ತೆಗೆ ಕೂಡಿಸಿ, ನಿಲ್ಲಿಸಿದ್ದ ಕಾರಿನ ಭಾಗಗಳನ್ನೇ ಕರಗಿಸಿತು. ಆಮೇಲೆ ಬಿಸಿಲು ತಡೆಯುವ ಪಟ್ಟಿಗಳನ್ನು ಕೂರಿಸಬೇಕಾಯಿತು.

ನೆರಳನ್ನೂ ಲೆಕ್ಕ ಹಾಕಿ. ಸೂರ್ಯ 45 ಡಿಗ್ರಿಯಲ್ಲಿದ್ದಾಗ 41 ಮೀಟರ್ ಗೋಪುರಕ್ಕೆ 41 ಮೀಟರ್ ನೆರಳು. 30 ಡಿಗ್ರಿಗೆ ಇಳಿದರೆ 71 ಮೀಟರ್. ಅದು ಯಾರ ಅಂಗಳಕ್ಕೆ ಬೀಳುತ್ತದೆ ನೋಡಿ. ಬ್ಲೆಂಡರ್ ಅಥವಾ ಸ್ಕೆಚ್‌ಅಪ್ ಅನ್ನುವ 3ಡಿ ಸಾಫ್ಟ್‌ವೇರ್ ಗೊತ್ತಿದ್ದರೆ ಗಂಟೆ ಗಂಟೆಯ ನೆರಳು ಅದೇ ತೋರಿಸುತ್ತದೆ.

ಫೋಟೋದಲ್ಲಿ ಕೂರಿಸುವುದು

ನೀವು ಮೊದಲೇ ತೆಗೆದಿಟ್ಟ ಫೋಟೋ ಈಗ ಬೇಕು. ನಿಂತು ತೆಗೆದ ಫೋಟೋದಲ್ಲಿ ಕ್ಯಾಮೆರಾ ಸುಮಾರು 1.6 ಮೀಟರ್ ಎತ್ತರದಲ್ಲಿರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಹತ್ತಿರದವರ ತಲೆ, ದೂರದವರ ತಲೆ, ಹೆಚ್ಚುಕಡಿಮೆ ಎಲ್ಲ ಒಂದೇ ಗೆರೆಯಲ್ಲಿ ಬರುತ್ತವೆ. ಅದೇ ನಿಮ್ಮ ಕಣ್ಣಿನ ಗೆರೆ. ನಿಮ್ಮ 3ಡಿ ಮಾದರಿಯ ಕ್ಯಾಮೆರಾವನ್ನೂ ಅದೇ ಎತ್ತರಕ್ಕೆ ಇಡಿ. ಬೆಳಕಿನ ದಿಕ್ಕು ಫೋಟೋದ ನೆರಳಿಗೆ ಹೊಂದಲಿ. ಮುಂದಿರುವ ಮರ, ಕಂಬ, ತಂತಿಗಳನ್ನು ಅಳಿಸಬೇಡಿ, ಕಟ್ಟಡವನ್ನು ಅವುಗಳ ಹಿಂದೆ ಕೂರಿಸಿ. ಈ ಕೆಲಸ ಬೇಸರದ್ದು, ಗೊತ್ತು. ಆದರೆ ಚಿತ್ರ ನಂಬುವ ಹಾಗಾಗುವುದು ಆ ತಂತಿಯಿಂದಲೇ. ಸಂಜೆಗತ್ತಲಲ್ಲಿ ಎಲ್ಲ ಕಿಟಕಿಗೂ ದೀಪ ಹಚ್ಚಿದ ಚಿತ್ರ ಮಾಡುವ ಆಸೆ ಬರುತ್ತದೆ. ಮೋಡದ ಮಧ್ಯಾಹ್ನದ ಒಂದು ಚಿತ್ರವನ್ನೂ ಮಾಡಿ. ಅದರಲ್ಲೂ ಚೆನ್ನಾಗಿ ಕಂಡರೆ ಕಟ್ಟಡ ಗೆದ್ದ ಹಾಗೆ.

ಆಮೇಲೆ ವಿನ್ಯಾಸ ಗೊತ್ತಿಲ್ಲದ ಇಬ್ಬರಿಗೆ ತೋರಿಸಿ. "ಚೆನ್ನಾಗಿದೆಯಾ" ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ಮೇಲಿನ ಮಹಡಿಗೆ ಹೋಗಬೇಕು, ಎಲ್ಲಿಂದ ಹೋಗ್ತೀರಿ?" ಅಂತ ಕೇಳಿ ಬೆರಳು ಇಡಲು ಹೇಳಿ. ಸರಕು ಸಾಗಿಸುವ ಚಾಲಕರೊಬ್ಬರು ಸಿಕ್ಕರೆ ಗಾಡಿ ಎಲ್ಲಿ ನಿಲ್ಲಿಸುತ್ತಾರೆ ಕೇಳಿ. ಬೆರಳು ತಡಕಾಡಿದರೆ ನೆಲಮಹಡಿಯ ಹಾಳೆಗೆ ವಾಪಸ್ ಹೋಗಿ.

ಚಿತ್ರವನ್ನು ಹಂಚುವ ಮುಂಚೆ ಅದರ ಮೇಲೆಯೇ, ಕತ್ತರಿಸಿದರೂ ಹೋಗದ ಜಾಗದಲ್ಲಿ, "ಕಲ್ಪನೆಯ ವಿನ್ಯಾಸ" ಅಂತ ಬರೆದು ದಿನಾಂಕ ಹಾಕಿ. ನನ್ನ ಒಂದು ಚಿತ್ರ ಕೈಯಿಂದ ಕೈಗೆ ಹೋಗಿ, ಮೂರು ತಿಂಗಳಾದ ಮೇಲೆ ಒಬ್ಬರು ಅದನ್ನೇ ನನಗೆ ಕಳಿಸಿ, ಅಲ್ಲಿ ಮಳಿಗೆ ಬಾಡಿಗೆಗೆ ಸಿಗುತ್ತಾ ಅಂತ ವಿಚಾರಿಸಿದ್ದರು.